ಬ್ಯಾಂಕ್, ಟೆನಿಸ್, ಬುಲೆಟ್: ಹಾಸ್ಯನಟರ ಹೆಸರಿನ ಮುಂದೆ ಇವೆಲ್ಲ ಹೇಗೆ ಬಂದು ಕೂತವು?

ಹಳೇ_ಪೋಸ್ಟರ್
ಭಾನುವಾರ ಮಧ್ಯಾಹ್ನ ಟಿವಿಲಿ ತೊಂಬತ್ತರ ದಶಕದ ಒಂದು ಸಿನಿಮಾ ಬರ್ತಿತ್ತು. ನಾಲ್ಕನೇ ಕ್ಲಾಸಿನ ಮಗ ಟೈಟಲ್ ಕಾರ್ಡು ಒಂದೊಂದೇ ಜೋರಾಗಿ ಓದ್ತಾ ಕೂತಿದ್ದ. ಕನ್ನಡ ಓದೋದು ಈಗಷ್ಟೇ ಸರಾಗ ಆಗಿದೆ, ಹಾಗಾಗಿ ಕಂಡದ್ದನ್ನೆಲ್ಲ ಓದ್ತಾನೆ, ಬಸ್ಸಿನ ಹಿಂದೆ ಬರೆದಿರೋದನ್ನೂ. 'ಬ್ಯಾಂಕ್ ಜನಾರ್ದನ್' ಅಂತ ಬಂತು. "ಅಪ್ಪಾ, ಬ್ಯಾಂಕ್ ಅನ್ನೋದು ಇವರ ಇನಿಷಿಯಲ್ಲಾ?" ಅಂದ. ನಕ್ಕು ಸುಮ್ಮನಾದೆ. ಹಿಂದೇನೇ 'ಟೆನಿಸ್ ಕೃಷ್ಣ' ಬಂತು. "ಇವರ ಊರು ಟೆನಿಸ್ಸಾ?"

ನಗು ಬಂದರೂ ಆಮೇಲೆ ನನಗೇ ತಲೆ ಕೆಡ್ತು. ಹೀರೋ ಹೆಸರಿನ ಹಿಂದೆ ಮುಂದೆ ಬಿರುದು ಇರುತ್ತೆ ಬಿಡಿ, ಅದು ಅಭಿಮಾನಿಗಳ ಸಂಘದ ಕೆಲಸ. ಆದರೆ ಬ್ಯಾಂಕು, ಟೆನಿಸ್ಸು, ಬುಲೆಟ್ಟು, ಮುಖ್ಯಮಂತ್ರಿ, ಸಿಹಿ ಕಹಿ ಇದೆಲ್ಲ ಹಾಸ್ಯನಟರಿಗೇ ಯಾಕೆ ಅಂಟಿಕೊಳ್ಳುತ್ತೆ? ಗೊತ್ತಿದ್ದೋರು ಒಂದೊಂದರ ಹಿನ್ನೆಲೆ ಹೇಳಿ, ಮಗನಿಗೆ ಉತ್ತರ ಬಾಕಿ ಇದೆ.

ಸುಮ್ನೆ_ಓದೋಳು
"ಇವರ ಊರು ಟೆನಿಸ್ಸಾ" 😂😂 ನಿಮ್ಮ ಮಗನಿಗೆ ನನ್ನ ವೋಟು.

ಬ್ಯಾಂಕ್ ಜನಾರ್ದನ್ ನಿಜವಾಗ್ಲೂ ಬ್ಯಾಂಕಿನಲ್ಲೇ ಕೆಲಸ ಮಾಡ್ತಿದ್ರು, ಹೊಳಲ್ಕೆರೆಲಿ. ಜೊತೆಗೆ ನಾಟಕ. ಸಿನಿಮಾಗೆ ಬಂದ ಮೇಲೂ ಬ್ಯಾಂಕು ಬಿಡಲಿಲ್ಲ, ಹೆಸರಿನ ಮುಂದೆ ಕೂತ್ಕೊಂಡ್ತು. 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು ಪಾಪ. ಟೆನಿಸ್ ಕೃಷ್ಣ ಅವರು ಸಿನಿಮಾಗೆ ಮುಂಚೆ ಟೆನಿಸ್ ಕೋಚ್. ಎರಡರಲ್ಲೂ ಗುಟ್ಟು ಏನಿಲ್ಲ, ಮಾಡ್ತಿದ್ದ ಕೆಲಸವೇ ಹೆಸರು.

ತರ್ಕಶಾಸ್ತ್ರಿ
ಇದರಲ್ಲಿ ಅಂಥಾ ರಹಸ್ಯ ಏನಿದೆ? ನಮ್ಮಲ್ಲಿ ಕೃಷ್ಣ, ರಮೇಶ, ಚಂದ್ರು, ಪ್ರಕಾಶ ಇವರು ಬೀದಿಗೆ ಹತ್ತು ಜನ. ಒಂದೇ ಸಿನಿಮಾದಲ್ಲಿ ಇಬ್ಬರು ಕೃಷ್ಣ ಇದ್ದರೆ ಮ್ಯಾನೇಜರು ಸಂಬಳದ ಲೆಕ್ಕ ಹೇಗೆ ಬರೀಬೇಕು? ಒಬ್ಬರು ಟೆನಿಸ್ ಕೃಷ್ಣ, ಇನ್ನೊಬ್ಬರು ಹೊನ್ನವಳ್ಳಿ ಕೃಷ್ಣ. ಮುಗೀತು. ಹೊನ್ನವಳ್ಳಿ ತಿಪಟೂರು ತಾಲೂಕಿನ ಊರು. ಇಬ್ಬರು ಚಂದ್ರು ಇದ್ದರು, ಒಬ್ಬರು ಮುಖ್ಯಮಂತ್ರಿ, ಒಬ್ಬರು ಸಿಹಿ ಕಹಿ. ಗುರುತು ಹಿಡಿಯೋಕೆ ಒಂದು ಚೀಟಿ ಅಷ್ಟೇ. ಇದಕ್ಕೆ ಪಿಎಚ್‌ಡಿ ಬೇಡ.

ಗಾಂಧಿಬಜಾರ್_ಗಿರಾಕಿ
@ತರ್ಕಶಾಸ್ತ್ರಿ ಹಂಗಾದ್ರೆ ಜನಾರ್ದನ್ ಎಷ್ಟು ಜನ ಇದ್ದರು ಸ್ವಾಮಿ? ಬುಲೆಟ್ ಪ್ರಕಾಶ್ ಪಕ್ಕ ಯಾವ ಪ್ರಕಾಶ್ ನಿಂತರೆ ಗುರುತು ತಪ್ಪುತ್ತೆ? ಆ ಶರೀರಕ್ಕೆ ಚೀಟಿ ಬೇಕಾ?

ಪಾಪ್‌ಕಾರ್ನ್
ಬುಲೆಟ್ ಅನ್ನೋದು ಯಾವುದೋ ಸಿನಿಮಾದಲ್ಲಿ ಗುಂಡು ಹಾರಿಸೋ ಸೀನಿಂದ ಬಂದಿದ್ದಲ್ವಾ

ಗಾಂಧಿಬಜಾರ್_ಗಿರಾಕಿ
ಅಲ್ಲ. ಗಾಡಿ. ರಾಯಲ್ ಎನ್‌ಫೀಲ್ಡ್ ಬುಲೆಟ್ ಓಡಿಸ್ತಿದ್ರು, ಅದರ ಮೇಲೇ ಬರೋದು ಹೋಗೋದು. ಆ ದೇಹ, ಆ ಗಾಡಿ, ಎರಡೂ ಸೇರಿ ಒಂದೇ ಚಿತ್ರವಾಗಿ ಜನರ ತಲೇಲಿ ಕೂತುಬಿಡ್ತು. 2020ರ ಏಪ್ರಿಲ್‌ನಲ್ಲಿ ಹೋದರು, ಲಾಕ್‌ಡೌನ್ ಸಮಯದಲ್ಲಿ.

ಬೆಂಚ್_ಕ್ಲಾಸ್
ಮುಖ್ಯಮಂತ್ರಿ ಚಂದ್ರು ಬಗ್ಗೆ ನಾನು ಹೇಳ್ತೀನಿ, ರಂಗಭೂಮಿ ನೋಡಿ ಬೆಳೆದವನು.

'ಮುಖ್ಯಮಂತ್ರಿ' ಸಿನಿಮಾ ಅಲ್ಲ, ನಾಟಕ. ಕಲಾಗಂಗೋತ್ರಿ ತಂಡದ್ದು, ಬಿ.ವಿ. ರಾಜಾರಾಂ ನಿರ್ದೇಶನ. 1980ರಲ್ಲಿ ಶುರುವಾಗಿದ್ದು ನೂರಾರು ಪ್ರಯೋಗ ಕಂಡಿತು. ಅದರಲ್ಲಿ ಇವರದ್ದೇ ಮುಖ್ಯಮಂತ್ರಿ ಪಾತ್ರ. ಚಂದ್ರಶೇಖರ್ ಅನ್ನೋ ಹೆಸರು ಅಲ್ಲಿಗೆ ಮುಗೀತು. ಸಿನಿಮಾಗೆ ಬರೋವಾಗಲೇ ಆ ಕುರ್ಚಿ ಹೊತ್ತುಕೊಂಡೇ ಬಂದರು.

ಮಜಾ ಏನಪ್ಪಾ ಅಂದ್ರೆ 1985ರಲ್ಲಿ ಗೌರಿಬಿದನೂರಿಂದ ನಿಜವಾಗ್ಲೂ ಶಾಸಕರಾದರು. ಶಾಸಕ ಮುಖ್ಯಮಂತ್ರಿ ಚಂದ್ರು! ಆಗ ನಿಜವಾದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಸದನದಲ್ಲಿ 'ಮುಖ್ಯಮಂತ್ರಿ' ಅಂತ ಕೂಗಿದರೆ ಇಬ್ಬರು ತಿರುಗಿ ನೋಡಬೇಕಿತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತೆ, ಹೋಗುತ್ತೆ. ನಲವತ್ತು ವರ್ಷದಿಂದ ಅಲುಗಾಡದ ಮುಖ್ಯಮಂತ್ರಿ ಇವರೊಬ್ಬರೇ.

ಸುಮ್ನೆ_ಓದೋಳು
ಸಿಹಿ ಕಹಿ ಕೂಡ ಹಾಗೇ, ಎಂಬತ್ತರ ದಶಕದ ದೂರದರ್ಶನ ಧಾರಾವಾಹಿ. ಅದರಿಂದ ಚಂದ್ರು, ಗೀತಾ ಇಬ್ಬರೂ ಸಿಹಿ ಕಹಿ ಆದರು, ನಿಜಜೀವನದಲ್ಲೂ ದಂಪತಿ. ಗಂಡ ಹೆಂಡತಿ ಇಬ್ಬರಿಗೂ ಮನೆತನದ ಹೆಸರಿನ ಥರ ಸೀರಿಯಲ್ ಹೆಸರು ಬಂದಿದ್ದು ನಮ್ಮಲ್ಲಿ ಮಾತ್ರ ಇರಬೇಕು.

ನನ್ನ ತಂಗಿ ಮಗಳು ಅಂದುಕೊಂಡಿರೋದು ಏನು ಗೊತ್ತಾ? ಅವರು 'ಬೊಂಬಾಟ್ ಭೋಜನ'ದಲ್ಲಿ ಅಡುಗೆ ಮಾಡ್ತಾರಲ್ಲ, ಪಾಯಸಾನೂ ಮಾಡ್ತಾರೆ ಹಾಗಲಕಾಯಿ ಗೊಜ್ಜೂ ಮಾಡ್ತಾರೆ, ಅದಕ್ಕೇ ಸಿಹಿ ಕಹಿ.

ಹಳೇ_ಪೋಸ್ಟರ್
ನಿಮ್ಮ ತಂಗಿ ಮಗಳನ್ನೂ ನನ್ನ ಮಗನನ್ನೂ ಕೂರಿಸಿ ಒಂದು ಸಂಶೋಧನಾ ಕೇಂದ್ರ ತೆರೀಬೇಕು.

ಕಡಲತಡಿ
ಎಲ್ಲರೂ ಬೆಂಗಳೂರು ಸಿನಿಮಾದ ಸುತ್ತಲೇ ತಿರುಗ್ತಾ ಇದ್ದೀರಿ ಮಾರಾಯ್ರೆ. ನಮ್ಮಲ್ಲಿ ಯಕ್ಷಗಾನದಲ್ಲಿ ಊರ ಹೆಸರಿಲ್ಲದ ಹಾಸ್ಯಗಾರ ಉಂಟಾ? ತೆಂಕು ಶೈಲಿಯಲ್ಲಿ ಮಿಜಾರು ಅಣ್ಣಪ್ಪ, ಪೆರುವಡಿ ನಾರಾಯಣ ಭಟ್ಟರು. ಬಡಗು ಶೈಲಿಯಲ್ಲಿ ಕುಂಜಾಲು ರಾಮಕೃಷ್ಣ ನಾಯಕ್. ಆದರೆ ಒಂದು ಗಮನಿಸಿ, ಇದು ಹಾಸ್ಯಗಾರನಿಗೆ ಮಾತ್ರ ಅಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆ, ಕೆರೆಮನೆ ಶಂಭು ಹೆಗಡೆ, ಎಲ್ಲರಿಗೂ ಊರೋ ಮನೆಯೋ ಮುಂದೆಯೇ. ಭಾಗವತರಿಗೂ ಅಷ್ಟೇ. ಹಾಗಾದರೆ ಪ್ರಶ್ನೆಯೇ ತಿರುಗ್ತದೆ. ಹಾಸ್ಯನಟನಿಗೆ ಯಾಕೆ ಉಂಟು ಅಂತ ಅಲ್ಲ, ಸಿನಿಮಾ ಹೀರೋಗೆ ಯಾಕೆ ಇಲ್ಲ ಅಂತ ಕೇಳಿ.

ಇನ್ನು ತುಳು ನಾಟಕ, ತುಳು ಸಿನಿಮಾಕ್ಕೆ ಬನ್ನಿ. ಊರು ಮುಂದೆ ಅಲ್ಲ, ಹಿಂದೆ. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್. ಪಡೀಲು, ವಾಮಂಜೂರು, ಬೋಳಾರ ಮೂರೂ ಮಂಗಳೂರಿನ ಜಾಗಗಳೇ. ತುಳು ಕಾಮಿಡಿ ಸಿನಿಮಾದ ಪೋಸ್ಟರ್ ಓದಿದರೆ ಸಿಟಿ ಬಸ್ಸಿನ ಬೋರ್ಡ್ ಓದಿದ ಹಾಗೆ ಆಗ್ತದೆ.

ಪಾಪ್‌ಕಾರ್ನ್
ಸಿಟಿ ಬಸ್ಸಿನ ಬೋರ್ಡ್ 🤣 ಇನ್ಮೇಲೆ ಹಂಗೇ ಕಾಣೋದು

ಉತ್ತರದ_ಹುಡುಗ
ಏ ನಮ್ ಕಡೀಗೂ ಸ್ವಲ್ಪ ಬರ್ರಿ. ರಾಜು ತಾಳಿಕೋಟಿ ಹೆಸರು ಇನ್ನೂ ಯಾರೂ ತಗದಿಲ್ಲಲ್ಲ? ರಾಜೇಸಾಬ ಅಂತ ಅವರ ಹೆಸರು. 'ಕಲಿಯುಗದ ಕುಡುಕ' ನಾಟಕದ ಕ್ಯಾಸೆಟ್ ಕೇಳಲಾರದ ಟ್ರ್ಯಾಕ್ಟರ್ ನಮ್ಮೂರಾಗ ಇರ್ಲಿಲ್ಲ. ಸಾಲಿ ಪುಸ್ತಕದಾಗ ತಾಳಿಕೋಟಿ ಅಂದ್ರ 1565ರ ಯುದ್ಧ. ನಮಗ ತಾಳಿಕೋಟಿ ಅಂದ್ರ ರಾಜು. ಮಾಸ್ತರು ಪರೀಕ್ಷಾದಾಗ "ತಾಳಿಕೋಟೆಯ ಬಗ್ಗೆ ಟಿಪ್ಪಣಿ ಬರೆಯಿರಿ" ಅಂತ ಕೊಟ್ಟಾಗ ನಮ್ಮ ಗೆಳ್ಯಾ ಒಬ್ಬ ಕುಡುಕನ ಡೈಲಾಗ್ ಬರದು ಬಂದಿದ್ದ. ಹತ್ತಕ್ಕ ಸೊನ್ನಿ.

2025ರಾಗ ಅವರೂ ಹೋದ್ರು. ಮನಸ್ಸಿಗೆ ಬ್ಯಾಸರ ಆತು.

ಗಂಗಾವತಿ ಪ್ರಾಣೇಶ್ ಅವರೂ ಹಂಗ, ಊರು ಮುಂದ. ಅವರಿಗೆ 'ಅಭಿನವ ಬೀಚಿ' ಅಂತಾನೂ ಅಂತಾರ.

ಬೆಂಚ್_ಕ್ಲಾಸ್
ಬೀಚಿ ಹೆಸರು ಬಂತಲ್ಲ, ಸ್ವಲ್ಪ ದಾರಿ ತಪ್ಪಿ ಹೇಳ್ತೀನಿ, ಕ್ಷಮಿಸಿ. ಅವರು ನಟರಲ್ಲ, ಹಾಸ್ಯಲೇಖಕರು. ರಾಯಸಂ ಭೀಮಸೇನರಾವ್, 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ್ದು. ಅವರ ಕಾವ್ಯನಾಮದ ತಮಾಷೆ ಕೇಳಿದರೆ ಗೊತ್ತಾಗಲ್ಲ, ಕಣ್ಣಲ್ಲಿ ನೋಡಬೇಕು. 'ಬೀ' ಕನ್ನಡದಲ್ಲಿ, 'ಚಿ' ಇಂಗ್ಲಿಷ್ ಅಕ್ಷರದಲ್ಲಿ! ಪುಸ್ತಕದ ರಕ್ಷಾಪುಟದ ಮೇಲೇ ಅರ್ಧ ಜೋಕು ಮುಗಿದಿರುತ್ತಿತ್ತು.

ಹಾಗೇ 'ರಾಶಿ'. ಡಾ. ಎಂ. ಶಿವರಾಂ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರುಮಾಡಿದೋರು. ಕೈಲಾಸಂ ಅಂತೂ ತಮ್ಮ ಟಿ.ಪಿ. ಕೈಲಾಸಂ ಅನ್ನೋ ಹೆಸರನ್ನೇ ಒಡೆದು "ಟಿಪಿಕಲ್ ಆಸ್ ಐ ಯಾಮ್" (ಆಸ್ ಅಂದರೆ ಕತ್ತೆ) ಅಂತಿದ್ದರು ಅನ್ನೋದು ಬಾಯಿಂದ ಬಾಯಿಗೆ ಬಂದಿರೋ ಮಾತು. ಲೇಖಕರು ತಮ್ಮ ಹೆಸರನ್ನ ತಾವೇ ಕೆತ್ತಿಕೊಂಡರು. ನಟರಿಗೆ ಬೇರೆಯವರು ಇಟ್ಟರು. ಈ ವ್ಯತ್ಯಾಸ ಗಮನಿಸಬೇಕು.

ತರ್ಕಶಾಸ್ತ್ರಿ
ನನ್ನ ವಾದಕ್ಕೆ ಇನ್ನೊಂದು ಪುರಾವೆ. ನೆನಪಿರಲಿ ಪ್ರೇಮ್, ಜೋಗಿ ಪ್ರೇಮ್. ಎರಡೂ 2005ರ ಸಿನಿಮಾ. ಒಬ್ಬರು ಹೀರೋ, ಒಬ್ಬರು ನಿರ್ದೇಶಕ. ಇಬ್ಬರೂ ಪ್ರೇಮ್ ಆಗಿದ್ದಕ್ಕೆ ಸಿನಿಮಾ ಹೆಸರು ಅಂಟಿತು. ದುನಿಯಾ ವಿಜಯ್ ನೋಡಿ. ಅದೇ 'ದುನಿಯಾ'ದ ಲೂಸ್ ಮಾದ ಪಾತ್ರದಿಂದ ಯೋಗೀಶ್ 'ಲೂಸ್ ಮಾದ ಯೋಗಿ' ಆದರು. ಇವರೆಲ್ಲ ಹಾಸ್ಯನಟರಾ? ಹೀರೋಗಳು. ಹಾಗಾಗಿ 'ಹಾಸ್ಯನಟರಿಗೆ ಮಾತ್ರ' ಅನ್ನೋ ನಿಮ್ಮ ಮೂಲ ಪ್ರಶ್ನೆಯೇ ತಪ್ಪು.

ಗಾಂಧಿಬಜಾರ್_ಗಿರಾಕಿ
ಪ್ರೇಮ್ ವಿಷಯ ಒಪ್ಪಿದೆ. ಆದರೆ ಒಂದು ಹೆಸರು ಮರೆತಿರಿ: ಕಾಮಿಡಿ ಟೈಮ್ ಗಣೇಶ್.

ನೆನಪಿದೆಯಾ? ಉದಯ ಟಿವಿಯಲ್ಲಿ 'ಕಾಮಿಡಿ ಟೈಮ್' ನಡೆಸಿಕೊಡ್ತಿದ್ದಾಗ ಊರಿಗೆಲ್ಲ ಅವರು ಕಾಮಿಡಿ ಟೈಮ್ ಗಣೇಶ್. 2006ರ ಕೊನೇಲಿ 'ಮುಂಗಾರು ಮಳೆ' ಬಂತು. ಆ ಮಳೆಗೆ ಕಾಮಿಡಿ ಟೈಮ್ ಕೊಚ್ಚಿಕೊಂಡು ಹೋಯ್ತು, ಗೋಲ್ಡನ್ ಸ್ಟಾರ್ ಅಂತ ಬಂತು. ಬರೀ ಗುರುತಿನ ಚೀಟಿ ಆಗಿದ್ರೆ ಹೀರೋ ಆದ ಮೇಲೂ ಅದೇ ಇರಬಹುದಿತ್ತಲ್ಲ? ಗಣೇಶ್ ಅನ್ನೋ ಹೆಸರಿನೋರು ರಾಜ್ಯದಲ್ಲಿ ಕಮ್ಮಿ ಆದರಾ? ಯಾಕೆ ಕಿತ್ತರು?

ಪಾಪ್‌ಕಾರ್ನ್
ಕಾಮಿಡಿ ಟೈಮ್ ಮುಗೀತು ಅದಕ್ಕೆ

ತರ್ಕಶಾಸ್ತ್ರಿ
ಕಾರ್ಯಕ್ರಮ ಬಿಟ್ಟರು, ಹೆಸರು ಹೋಯ್ತು. ಸಹಜ.

ಗಾಂಧಿಬಜಾರ್_ಗಿರಾಕಿ
ಜನಾರ್ದನ್ ಅವರು ಬ್ಯಾಂಕ್ ಬಿಟ್ಟರು, ಬ್ಯಾಂಕ್ ಹೋಯ್ತಾ? ಕುರಿ ಪ್ರತಾಪ್ ಟಿವಿಲಿ ಜನರನ್ನ ಕುರಿ ಮಾಡೋದು ಬಿಟ್ಟು ಎಷ್ಟು ವರ್ಷ ಆಯ್ತು, ಕುರಿ ಹೋಯ್ತಾ?

ತರ್ಕಶಾಸ್ತ್ರಿ
...ಯೋಚಿಸಿ ಬರ್ತೀನಿ.

ಹಳೇ_ಪೋಸ್ಟರ್
ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ತರ್ಕಶಾಸ್ತ್ರಿಗಳು ಯೋಚಿಸೋಕೆ ಹೋಗಿದ್ದು ಇದೇ ಮೊದಲು.

ರೀಲು_ಡಬ್ಬಿ
ತಡವಾಗಿ ಬಂದೆ. ಈ ವಿಷಯದಲ್ಲಿ ನನಗೆ ತುಂಬಾ ದಿನದಿಂದ ತಲೇಲಿ ಕೊರೀತಿರೋ ಒಂದು ಮಾತಿದೆ, ಸ್ವಲ್ಪ ಉದ್ದ ಆಗುತ್ತೆ.

1954ರ 'ಬೇಡರ ಕಣ್ಣಪ್ಪ' ತಗೊಳ್ಳಿ. ಆ ಒಂದು ಸಿನಿಮಾದಲ್ಲಿ ಗುಬ್ಬಿ ನಾಟಕ ಕಂಪನಿ ಹಿನ್ನೆಲೆಯ ಮೂರು ಜನ ಬೆಳಕಿಗೆ ಬಂದರು. ಮುತ್ತುರಾಜ, ನರಸಿಂಹರಾಜು, ಜಿ.ವಿ. ಅಯ್ಯರ್. ಹೀರೋ ಆದ ಮುತ್ತುರಾಜನಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಹೊಸ ಹೆಸರು ಇಟ್ಟರು, ರಾಜ್‌ಕುಮಾರ್. ಹಾಸ್ಯಪಾತ್ರದ ನರಸಿಂಹರಾಜು? ತಿಪಟೂರಿಂದ ತಂದ ಹೆಸರೇ ಇಟ್ಟುಕೊಂಡು ಪರದೆ ಮೇಲೆ ಬಂದರು. ಯಾರಿಗೂ ಬದಲಾಯಿಸಬೇಕು ಅನ್ನಿಸಲಿಲ್ಲ.

1972, 'ನಾಗರಹಾವು'. ಪುಟ್ಟಣ್ಣನವರು ಸಂಪತ್ ಕುಮಾರ್‌ನನ್ನ ವಿಷ್ಣುವರ್ಧನ್ ಮಾಡಿದರು. ಅಮರನಾಥ್ ಅಂಬರೀಶ್ ಆದರು. ಹೀರೋ ಆಗೋನು ಮನೆ ಹೆಸರನ್ನ ಹೊಸಿಲಾಚೆ ಬಿಟ್ಟು ಬರಬೇಕು. ಅವನು ಯಾರ ಮಗ, ಯಾವ ಊರು, ಮುಂಚೆ ಎಲ್ಲಿ ಕೆಲಸಕ್ಕಿದ್ದ ಅನ್ನೋದೆಲ್ಲ ಅಳಿಸಿಹೋಗಬೇಕು. ರಾಜಕುಮಾರನಿಗೆ ಪೂರ್ವಾಶ್ರಮ ಇರಬಾರದು.

ಹಾಸ್ಯನಟನಿಗೆ ಉಲ್ಟಾ. ಅವನ ಪೂರ್ವಾಶ್ರಮವೇ ಹೆಸರು. ಬ್ಯಾಂಕು, ಟೆನಿಸ್ಸು, ಹೊನ್ನವಳ್ಳಿ, ಮಂಡ್ಯ (ರಮೇಶ್), ರಂಗಾಯಣ (ರಘು). ಇವನು ನಮ್ಮ ಬೀದಿಯೋನು, ನಿನ್ನೆವರೆಗೂ ಕೌಂಟರ್ ಹಿಂದೆ ಇದ್ದ ಅಂತ ಗೊತ್ತಿದ್ದರೇನೇ ನಗು ಬರೋದು. ಅಪರಿಚಿತ ಜಾರಿ ಬಿದ್ದರೆ ಅಯ್ಯೋ ಪಾಪ, ಗೊತ್ತಿರೋನು ಜಾರಿ ಬಿದ್ದರೆ ನಗು.

ಕಡಲತಡಿ
ಇದು ಸರಿ ಕಂಡಿತು ನನಗೆ. ಯಕ್ಷಗಾನದಲ್ಲಿ ವೇಷಧಾರಿ ಬೆಳಿಗ್ಗೆ ಅದೇ ಊರಿನ ಅಂಗಡಿಯಲ್ಲಿ ಚಾ ಕುಡೀತಾನೆ, ರಾತ್ರಿಯ ಕೌರವ ಅಂತ ಯಾರೂ ಪೂಜೆ ಮಾಡುವುದಿಲ್ಲ. ಅದಕ್ಕೇ ಎಲ್ಲರಿಗೂ ಊರ ಹೆಸರು ಉಳಿದಿದ್ದು.

ಬೆಂಚ್_ಕ್ಲಾಸ್
@ರೀಲು_ಡಬ್ಬಿ ಚೆನ್ನಾಗಿದೆ, ಆದರೆ ಅಷ್ಟು ಬೇಗ ಗಂಟು ಹಾಕಬೇಡಿ. ದ್ವಾರಕೀಶ್? ಬಂಗ್ಲೆ ಶಾಮರಾವ್ ದ್ವಾರಕಾನಾಥ್ ಅವರ ಪೂರ್ಣ ಹೆಸರು. ಸಿ.ವಿ. ಶಿವಶಂಕರ್ ಅವರು ದ್ವಾರಕೀಶ್ ಅಂತ ಮಾಡಿದ್ದು. ಜಗ್ಗೇಶ್? ಈಶ್ವರ್ ಗೌಡ. ಸಾಧು ಕೋಕಿಲ? ಸಹಾಯ ಶೀಲನ್ ಶಾದ್ರಕ್, ಉಪೇಂದ್ರ ಇಟ್ಟ ಹೆಸರು. ಮೂವರೂ ನಗಿಸೋರೇ, ಮೂವರಿಗೂ ಹೆಸರು ಬದಲಾಗಿದೆ.

ರೀಲು_ಡಬ್ಬಿ
ದ್ವಾರಕೀಶ್ ನಿರ್ಮಾಪಕರಾದರು, 1969ರ 'ಮೇಯರ್ ಮುತ್ತಣ್ಣ'ದಿಂದ ಹಿಡಿದು 2004ರ 'ಆಪ್ತಮಿತ್ರ'ದವರೆಗೆ. ಜಗ್ಗೇಶ್ ಹೀರೋ. ಸಾಧು ಸಂಗೀತ ನಿರ್ದೇಶಕರೂ ಹೌದು. ನೋಡಿ, ಹೆಸರು ಬದಲಾದೋರು ಬೇರೆ ಬೇರೆ ಕುರ್ಚಿ ಮೇಲೂ ಕೂತರು. ನನ್ನ ಮಾತೇ ನಿಂತಿತು 😌

ಬೆಂಚ್_ಕ್ಲಾಸ್
ಗೆದ್ದೋರನ್ನೆಲ್ಲ ನಿಮ್ಮ ಕಡೆ ಎಳ್ಕೊಂಡರೆ ಯಾರು ತಾನೇ ಸೋಲ್ತಾರೆ.

ಪಾಪ್‌ಕಾರ್ನ್
ಸಾಧು ಕೋಕಿಲ ಅಂದ್ರೆ ಸಾಧು ಸ್ವಭಾವದ ಕೋಗಿಲೆ ಅಂತ ನಾನು ಸೀರಿಯಸ್ಸಾಗಿ ನಂಬಿದ್ದೆ

ಸುಮ್ನೆ_ಓದೋಳು
ದ್ವಾರಕೀಶ್ ಬಗ್ಗೆ ನನಗೊಂದು ತಕರಾರು ಇದೆ. ಅವರ ಮೇಲಲ್ಲ, ನಮ್ಮ ಮೇಲೆ. ಅವರನ್ನ ಇಡೀ ಕರ್ನಾಟಕ ಕರೆದಿದ್ದು ಕುಳ್ಳ ಅಂತ. 'ಕುಳ್ಳ ಏಜೆಂಟ್ 000', 'ಕಳ್ಳ ಕುಳ್ಳ', 'ಪ್ರಚಂಡ ಕುಳ್ಳ'. ಸಿನಿಮಾ ಹೆಸರಲ್ಲೇ ಎತ್ತರ ಅಳೆದರು. ಈಗ ಯಾರಾದ್ರೂ ಆಫೀಸಲ್ಲಿ ಹಾಗೆ ಕರೆದರೆ ನೇರ ಎಚ್‌ಆರ್ ಹತ್ರ ಹೋಗ್ಬೇಕಾಗುತ್ತೆ. ಉದ್ಯೋಗ, ಊರು ಪರವಾಗಿಲ್ಲ. ಮೈ ಅಳತೆ ಹಿಡಿದು ಹೆಸರಿಡೋದು ಪ್ರೀತಿನಾ?

ಗಾಂಧಿಬಜಾರ್_ಗಿರಾಕಿ
ಆ ಕಾಲದಲ್ಲಿ ಪ್ರೀತಿನೇ ಮೇಡಂ. ಮತ್ತೆ ಅವರೇ ನಿರ್ಮಾಪಕ, ಅವರೇ ಆ ಹೆಸರನ್ನ ದುಡಿಸಿಕೊಂಡರು. ಬೈಯೋ ಮುಂಚೆ ತಾನೇ ಹೇಳಿಕೊಂಡುಬಿಟ್ಟರೆ ಬೈಯೋಕೆ ಏನೂ ಉಳಿಯಲ್ಲ.

ಸುಮ್ನೆ_ಓದೋಳು
ಅವರಿಗೆ ದುಡಿಸಿಕೊಳ್ಳೋ ತಾಕತ್ತಿತ್ತು. ಅದೇ ಶಾಲೇಲಿ ಮೂರನೇ ಬೆಂಚಲ್ಲಿ ಕೂತ ಹುಡುಗನಿಗೆ ಅದೇ ಹೆಸರು ಬಿದ್ದಾಗ ಅವನ ಹತ್ರ ಬ್ಯಾನರ್ ಇರಲಿಲ್ಲ. ಇರಲಿ, ಜಗಳ ಬೇಡ.

ಇನ್ನೊಂದು. ಇಷ್ಟು ಹೊತ್ತು ಬರೀ ಗಂಡಸರ ಹೆಸರೇ ಬಂತು, ಯಾರಾದರೂ ಗಮನಿಸಿದಿರಾ? ಬಿ. ಜಯಾ, ಎಂ.ಎನ್. ಲಕ್ಷ್ಮೀದೇವಿ, ರಮಾದೇವಿ, ಉಮಾಶ್ರೀ, ರೇಖಾ ದಾಸ್. ಹೊಟ್ಟೆ ಹುಣ್ಣಾಗೋಷ್ಟು ನಗಿಸಿದೋರು. ಒಬ್ಬರಿಗಾದರೂ 'ಬ್ಯಾಂಕ್' ಇದೆಯಾ? ಸಿಹಿ ಕಹಿ ಗೀತಾ ಬಿಟ್ಟರೆ ನನಗೆ ನೆನಪಾಗ್ತಿಲ್ಲ.

ತರ್ಕಶಾಸ್ತ್ರಿ
ಯೋಚಿಸಿ ಬಂದೆ. ಹಾಸ್ಯನಟಿಯರು ಸಂಖ್ಯೆಯಲ್ಲಿ ಕಡಿಮೆ, ಹೆಸರು ಡಿಕ್ಕಿ ಹೊಡೆಯಲಿಲ್ಲ, ಚೀಟಿ ಬೇಕಾಗಲಿಲ್ಲ. ನನ್ನ ವಾದವೇ ಇಲ್ಲಿ ಗೆದ್ದಿತು.

ಸುಮ್ನೆ_ಓದೋಳು
ಬಿ. ಜಯಾ, ಜಯಂತಿ, ಜಯಮಾಲಾ, ಬಿ. ಜಯಶ್ರೀ. ಡಿಕ್ಕಿ ಹೊಡೀಲಿಲ್ವಾ? ಹೆಣ್ಣುಮಕ್ಕಳಿಗೆ ಇನಿಷಿಯಲ್ ಕೊಟ್ಟು ಕೈತೊಳೆದುಕೊಂಡರು. ಅಡ್ಡಹೆಸರು ಇಟ್ಟು ಕರೆಯೋ ಸಲುಗೆ ಗಂಡಸರ ಕಟ್ಟೆ ಹರಟೆಯ ಸೊತ್ತು. ಆ ಕಟ್ಟೆ ಮೇಲೆ ನಮಗೆ ಜಾಗ ಇರಲಿಲ್ಲ ಅನ್ನಿ.

ಬೆಂಚ್_ಕ್ಲಾಸ್
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಸರಿಯಾದ ಮಾತು.

ಉತ್ತರದ_ಹುಡುಗ
ನನಗೂ ಹೌದು ಅನಸ್ತು ಅಕ್ಕಾರ.

ಬಾಂಬೆ_ಕನ್ನಡಿಗ
ಹಿಂದಿಯ ಜಾನಿ ವಾಕರ್ ಮತ್ತು ಜಾನಿ ಲೀವರ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಜಾನಿ ವಾಕರ್, ಬದ್ರುದ್ದೀನ್ ಜಮಾಲುದ್ದೀನ್ ಕಾಜಿ. ಮುಂಬೈಯಲ್ಲಿ ಬಸ್ ಕಂಡಕ್ಟರ್. ಕುಡುಕನ ನಟನೆ ನೋಡಿ ಮೆಚ್ಚಿದ ಗುರುದತ್ ವಿಸ್ಕಿ ಹೆಸರನ್ನೇ ಇಟ್ಟರು, ಆದರೆ ಮನುಷ್ಯ ಕುಡೀತಾ ಇರಲಿಲ್ಲ. ಜಾನಿ ಲೀವರ್, ಜಾನ್ ಪ್ರಕಾಶ್ ರಾವ್ ಜನುಮಲ, ತೆಲುಗು ಮಾತಾಡೋ ಮನೆ. ಹಿಂದೂಸ್ತಾನ್ ಲೀವರ್ ಕಾರ್ಖಾನೇಲಿ ಕೆಲಸ. ಕಂಪನಿ ಕಾರ್ಯಕ್ರಮದಲ್ಲಿ ಸಾಹೇಬರನ್ನೇ ಅನುಕರಿಸಿ ನಗಿಸಿದರು, ಜೊತೆಗಾರರು ಲೀವರ್ ಅಂತ ಕರೆದರು.

ರೀಲು_ಡಬ್ಬಿ
ಲೀವರ್ ಕಥೆ ಪಕ್ಕಾ 'ಬ್ಯಾಂಕ್ ಜನಾರ್ದನ್' ಜಾತಿ. ವಾಕರ್ ಕಥೆ ಬೇರೆ ಜಾತಿ, ಅದು ನಿರ್ದೇಶಕರು ತೊಡಿಸಿದ ವೇಷ.

ಗಾಂಧಿಬಜಾರ್_ಗಿರಾಕಿ
ತಮಿಳಲ್ಲಿ ಇದು ಇನ್ನೂ ಜೋರು. ತೇಂಗಾಯ್ ಶ್ರೀನಿವಾಸನ್. ನಾಟಕದಲ್ಲಿ ತೆಂಗಿನಕಾಯಿ ಮಾರೋನ ಪಾತ್ರ, ಹೆಸರೇ ತೆಂಗಿನಕಾಯಿ ಆಯ್ತು. ಕ್ರೇಜಿ ಮೋಹನ್, ಅವರು ಬರೆದ ನಾಟಕದ ಹೆಸರಲ್ಲಿದ್ದ 'ಕ್ರೇಜಿ' ಬಂದು ಕೂತಿತು. ಹಾಂ, ನಾಗೇಶ್ ಅವರ ನಿಜ ಹೆಸರು ಗುಂಡೂರಾವ್, ಕನ್ನಡದ ಮನೆ, ಗೊತ್ತಲ್ಲ? ತೆಲುಗಲ್ಲಿ ಸುತ್ತಿ ವೀರಭದ್ರರಾವ್, ಸುತ್ತಿ ವೇಲು. ಸುತ್ತಿ ಅಂದರೆ ಸುತ್ತಿಗೆ, ತಲೆ ಕೊರೆಯೋದಕ್ಕೂ ಅದೇ ಮಾತು. 1982ರ ಒಂದು ಸಿನಿಮಾದಿಂದ ಇಬ್ಬರಿಗೂ ಒಟ್ಟಿಗೆ ಸುತ್ತಿಗೆ ಏಟು ಬಿತ್ತು.

ಪಾಪ್‌ಕಾರ್ನ್
ಹಂಗಾದ್ರೆ ಈ ಚರ್ಚೇಲಿ ಸುತ್ತಿ ತರ್ಕಶಾಸ್ತ್ರಿ

ತರ್ಕಶಾಸ್ತ್ರಿ
ಸ್ವೀಕರಿಸಿದೆ.

ನಿರ್ವಾಹಕ
ಹಾಲಿವುಡ್‌ವರೆಗೂ ಹೋಗೋ ಮುಂಚೆ ಕನ್ನಡಕ್ಕೆ ವಾಪಸ್ ಬನ್ನಿ. ಮತ್ತೆ ಬದುಕಿರೋ ಕಲಾವಿದರ ಬಗ್ಗೆ ಮರ್ಯಾದೆಯಿಂದ ಬರೀರಿ, ಒಂದು ಕಾಮೆಂಟ್ ತೆಗೆದಿದ್ದೀನಿ.

ಬೆಂಚ್_ಕ್ಲಾಸ್
ವಾಪಸ್ ಬಂದೆ. ಹೆಸರು ಆಸ್ತಿ ಥರ ಅಪ್ಪನಿಂದ ಮಗನಿಗೆ ಬಂದಿದ್ದಕ್ಕೂ ಉದಾಹರಣೆ ಇದೆ. ಮಾಸ್ಟರ್ ಹಿರಣ್ಣಯ್ಯ. ಅವರ ಹೆಸರು ನರಸಿಂಹಮೂರ್ತಿ. ಹಿರಣ್ಣಯ್ಯ ಅಂದರೆ ಅಪ್ಪ ಕೆ. ಹಿರಣ್ಣಯ್ಯ. ಅಪ್ಪನ ನಾಟಕ ತಂಡ ಮಿತ್ರಮಂಡಳಿ ನಡೆಸೋ ಜವಾಬ್ದಾರಿ ಹೆಗಲಿಗೆ ಬಂತು, ಹೆಸರೂ ಜೊತೆಗೇ ಬಂತು. 'ಲಂಚಾವತಾರ' ನಾಟಕದಲ್ಲಿ ಮಂತ್ರಿಗಳಿಗೇ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ ಮನುಷ್ಯ 2019ರಲ್ಲಿ, 85ನೇ ವಯಸ್ಸಲ್ಲಿ ತೀರಿಕೊಂಡಾಗಲೂ ಮಾಸ್ಟರ್ರೇ! ಬಾಲನಟರಿಗೆ ಹಾಕೋ ಮಾಸ್ಟರ್ ಅನ್ನೋ ಪದ ಅಜ್ಜ ಆದ ಮೇಲೂ ಬಿಡಲಿಲ್ಲ.

ಉತ್ತರದ_ಹುಡುಗ
ಕಂಪನಿ ನಾಟಕದ ಮಾತು ಬಂದದ್ದಕ್ಕ, ಗುಬ್ಬಿ ವೀರಣ್ಣ ಅವರೂ ಮೂಲದಾಗ ಹಾಸ್ಯಪಾತ್ರಕ್ಕ ಹೆಸರಾದವರು. ಅವರ ಹೆಸರಿನ ಮುಂದ ಗುಬ್ಬಿ, ಊರು. ಕಡೀಕ ಊರಿನ ಹೆಸರು ಹೇಳಿದ್ರ ಜನ ಕಂಪನೀನ ನೆನಸೂ ಹಂಗ ಆತು.

ರೀಲು_ಡಬ್ಬಿ
ಒಂದು ಸಿನಿಮಾ ಇಡೀ ಜೀವಮಾನ ಹಿಂಬಾಲಿಸಿದ್ದಕ್ಕೆ ಶರಪಂಜರ ಶಿವರಾಂ. 'ಶರಪಂಜರ' 1971, ಪುಟ್ಟಣ್ಣ. ಸಿನಿಮಾ ಕಲ್ಪನಾ ಅವರದ್ದು, ಇಡೀ ಭಾರ ಅವರೇ ಹೊತ್ತಿದ್ದು. ಆದರೆ ಅವರನ್ನ ಯಾರೂ ಶರಪಂಜರ ಕಲ್ಪನಾ ಅನ್ನಲ್ಲ, ಮಿನುಗುತಾರೆ ಅಂತಾರೆ. ನಾಯಕಿಗೆ ಬಿರುದು, ಪೋಷಕ ನಟನಿಗೆ ಸಿನಿಮಾ ಹೆಸರು. ಶಿವರಾಂ ಅವರು 2021ರ ಡಿಸೆಂಬರ್‌ನಲ್ಲಿ ಹೋದಾಗಲೂ ಎಷ್ಟೋ ಜನರಿಗೆ ಅವರು ಶರಪಂಜರ ಶಿವರಾಂ ಅವರೇ, ಐವತ್ತು ವರ್ಷದ ನಂತರ. ಖಳರಿಗೂ ಅಷ್ಟೇ ನೋಡಿ, ತೂಗುದೀಪ ಶ್ರೀನಿವಾಸ್, 1966ರ 'ತೂಗುದೀಪ'ದಿಂದ.

ತರ್ಕಶಾಸ್ತ್ರಿ
ಸರಿ, ಅರ್ಧ ಒಪ್ತೀನಿ. ಮೊದಲು ಗುರುತಿಗೆ ಅಂತ ಬರುತ್ತೆ, ಅದು ನನ್ನ ಪಾಲು. ಆಮೇಲೆ ಯಾರಿಗೆ ಉಳಿಯುತ್ತೆ, ಯಾರು ಕಿತ್ತು ಹಾಕಿಸಿಕೊಳ್ತಾರೆ ಅನ್ನೋದು ಮೇಲೆ ಹೋದರಾ ಇಲ್ವಾ ಅನ್ನೋದರ ಮೇಲೆ, ಅದು ರೀಲು_ಡಬ್ಬಿಯವರ ಪಾಲು. ದುನಿಯಾ ವಿಜಯ್ ಮಾತ್ರ ನಿಮ್ಮ ಲೆಕ್ಕಕ್ಕೆ ಸಿಗಲ್ಲ, ಹೀರೋ ಆಗಿಯೂ ದುನಿಯಾ ಬಿಡಲಿಲ್ಲ.

ರೀಲು_ಡಬ್ಬಿ
ಅದು ಸಿಗಲ್ಲ, ಒಪ್ಪಿದೆ.

ಯುಪಿಎಸ್_ಮಂಜ
ಇಡೀ ಚರ್ಚೆ ಊಟದ ಬಿಡುವಲ್ಲಿ ಓದಿ ಮುಗಿಸಿದೆ. ನನ್ನ ಖಾತೆ ಹೆಸರು ನೋಡಿ, ನಾನೂ ಈ ಜಾತಿಗೆ ಸೇರಿದೋನೇ. ನಮ್ಮ ಆಫೀಸಲ್ಲಿ ಮೂರು ಜನ ಮಂಜುನಾಥ. ಕೆಲಸಕ್ಕೆ ಸೇರಿದ ಮೊದಲನೇ ವಾರ ಕಾಲು ತಾಗಿ ಯುಪಿಎಸ್ ಆಫ್ ಮಾಡಿದ್ದೆ, ಇಡೀ ಮಹಡಿ ಕತ್ತಲಾಯ್ತು. ಒಂಬತ್ತು ವರ್ಷ ಆಯ್ತು. ಈಗ ನನ್ನ ಹೆಂಡತಿ ಫೋನ್ ಮಾಡಿ ಮಂಜುನಾಥ್ ಇದಾರಾ ಅಂದ್ರೆ ರಿಸೆಪ್ಷನ್‌ನೋರು "ಯುಪಿಎಸ್ಸಾ?" ಅಂತ ಕೇಳ್ತಾರೆ. ಇನ್ನೊಬ್ಬ ಟಿಫನ್ ಮಂಜ, ಹನ್ನೊಂದು ಗಂಟೆಗೇ ಡಬ್ಬಿ ತೆಗೀತಾನೆ.

ಸುಮ್ನೆ_ಓದೋಳು
ಯುಪಿಎಸ್ ಮಂಜ! ಟೈಟಲ್ ಕಾರ್ಡಲ್ಲಿ ಹಾಕಿದರೆ ಜನ ಶಿಳ್ಳೆ ಹೊಡೀತಾರೆ.

ಹಳೇ_ಪೋಸ್ಟರ್
ಎಲ್ಲರಿಗೂ ಧನ್ಯವಾದ. ಮಗನಿಗೆ ಬ್ಯಾಂಕು, ಟೆನಿಸ್ಸು ಎರಡೂ ಹೇಳಿದೆ. "ಹಂಗಾದ್ರೆ ಬುಲೆಟ್ ಕೊಟ್ಟಿದ್ದು ಯಾರು, ಅವರಪ್ಪಾನಾ?" ಅಂತ ಈಗ ಹೊಸ ಪ್ರಶ್ನೆ ಶುರು, ನನ್ನ ಕಡೆ ಒಂಥರಾ ನೋಡ್ತಿದಾನೆ. ಗಾಡಿ ಷೋರೂಮ್ ಕಡೆ ಹೋಗೋ ರಸ್ತೆ ಬದಲಾಯಿಸಬೇಕು.

@ಯುಪಿಎಸ್_ಮಂಜ ಅಂದಹಾಗೆ ಮೂರು ಜನ ಅಂದಿರಿ, ಇಬ್ಬರನ್ನೇ ಹೇಳಿದಿರಿ. ಮೂರನೇ ಮಂಜನಿಗೆ ಏನಂತ ಹೆಸರು?

ಯುಪಿಎಸ್_ಮಂಜ
ಅವರಿಗೆ ಏನೂ ಇಲ್ಲ, ಬರೀ ಮಂಜುನಾಥ್ ಸರ್. ನಮ್ಮ ಮ್ಯಾನೇಜರು.